ಪಿಯುಸಿ ಮುಗಿಯಿತು, ಮಗಳು ಸಿನಿಮಾ ಓದುತ್ತಾಳಂತೆ

ಪ್ರಶ್ನೆ: ಮಗಳು ವಿಜ್ಞಾನ ವಿಭಾಗದಲ್ಲಿ ದ್ವಿತೀಯ ಪಿಯುಸಿ ಮುಗಿಸಿದ್ದಾಳೆ. ಸಿನಿಮಾ, ಫೋಟೊಗ್ರಫಿ ಓದಲು ಖಾಸಗಿ ಕಲಾ ವಿಶ್ವವಿದ್ಯಾಲಯಕ್ಕೆ ಸೇರಿಸಿ ಎಂದು ಹಟ ಹಿಡಿದಿದ್ದಾಳೆ. ಅಲ್ಲಿನ ಶುಲ್ಕ ಕೇಳಿ ಎದೆ ಧಸಕ್ಕೆಂದಿತು. ಇರುವ ಎರಡೆಕರೆ ಹೊಲದ ಮೇಲೆ ಸಾಲ ಮಾಡಬೇಕೆ? ಈ ಓದಿನಲ್ಲಿ ಅನ್ನ ಇದೆಯೇ?
– ಒಬ್ಬ ತಂದೆ, ಬ್ಯಾಡಗಿ

ಹೊಲದ ಮೇಲೆ ಸಾಲ ಮಾಡಬೇಡಿ. ಮಗಳಿಗೆ ಬೇಡ ಎನ್ನಲೂ ಬೇಡಿ. ಎರಡನ್ನೂ ಒಟ್ಟಿಗೇ ಹೇಳುತ್ತಿದ್ದೇನೆ, ಏಕೆಂದರೆ ಎರಡಕ್ಕೂ ನಡುವೆ ದಾರಿ ಇದೆ.

ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟ್ ಕೇಂದ್ರ ಸರ್ಕಾರದ ಸಂಸ್ಥೆ. 1960ರಲ್ಲಿ ಹಳೆಯ ಪ್ರಭಾತ್ ಸ್ಟುಡಿಯೊ ಆವರಣದಲ್ಲಿ ಶುರುವಾಯಿತು. ಅದೇ ಬಗೆಯ ಇನ್ನೊಂದು ಸಂಸ್ಥೆ ಕೋಲ್ಕತ್ತದಲ್ಲಿದೆ, ಸತ್ಯಜಿತ್ ರಾಯ್ ಅವರ ಹೆಸರಿನದು. ನಿರ್ದೇಶನ, ಛಾಯಾಗ್ರಹಣ, ಸಂಕಲನ, ಧ್ವನಿ – ಇವುಗಳ ಮುಖ್ಯ ಕೋರ್ಸುಗಳಿಗೆ ಪದವಿ ಆಗಿರಬೇಕು, ಆದರೆ ಇಂಥದೇ ಪದವಿ ಎಂದಿಲ್ಲ. ಅಂದರೆ ನಿಮ್ಮ ಮಗಳು ಧಾರವಾಡದಲ್ಲೋ ಹಾವೇರಿಯಲ್ಲೋ ತನಗೆ ಇಷ್ಟವಾದ ವಿಷಯ ತೆಗೆದುಕೊಂಡು ಪದವಿ ಓದಬಹುದು. ಆ ವರ್ಷಗಳಲ್ಲಿ ನಾಟಕ ನೋಡಿ, ಕಥೆ ಕಾದಂಬರಿ ಓದಿ, ಚಿತ್ರ ತೆಗೆದು, ಇಪ್ಪತ್ತೊಂದರ ವಯಸ್ಸಿಗೆ ಪ್ರವೇಶ ಪರೀಕ್ಷೆಗೆ ಕೂರಬಹುದು. ಧಾರವಾಡಕ್ಕೆ ಆ ಸಂಸ್ಥೆ ಹೊಸದೇನಲ್ಲ. ಇಲ್ಲಿನ ಕರ್ನಾಟಕ ಕಾಲೇಜಿನಲ್ಲಿ ಗಣಿತ ಓದಿದ ಗಿರೀಶ ಕಾರ್ನಾಡರು 1974–75ರಲ್ಲಿ ಅದರ ನಿರ್ದೇಶಕರಾಗಿದ್ದರು. ಗಣಿತ ಓದಿದ್ದು ಅವರ ನಾಟಕಕ್ಕಾಗಲಿ ಸಿನಿಮಾಕ್ಕಾಗಲಿ ಅಡ್ಡಿಯಾಗಲಿಲ್ಲ.

ಅವಳು ವಿಜ್ಞಾನದವಳು ಎಂದಿದ್ದೀರಿ. ಪುಣೆಯ ಧ್ವನಿ ವಿಭಾಗಕ್ಕೆ ಪಿಯುಸಿ ಹಂತದಲ್ಲಿ ಭೌತಶಾಸ್ತ್ರ ಓದಿರಬೇಕು ಎಂಬ ನಿಯಮವಿದೆ. ನಮ್ಮ ಕಡೆಯ ಎಷ್ಟೋ ಮಕ್ಕಳಿಗೆ ಈ ಬಾಗಿಲು ಗೊತ್ತೇ ಇಲ್ಲ. ಎಲ್ಲರೂ ನಿರ್ದೇಶಕರಾಗಲು ಹೊರಡುತ್ತಾರೆ. ಅನ್ನದ ಪ್ರಶ್ನೆಗೆ ನನ್ನ ಉತ್ತರವೂ ಇಲ್ಲಿಯೇ ಇದೆ. ಧ್ವನಿ, ಸಂಕಲನ ಬಲ್ಲವರಿಗೆ ಬೇಗ ಕೆಲಸ ಸಿಗುತ್ತದೆ. ನಿರ್ದೇಶನ ಒಂದನ್ನೇ ನೆಚ್ಚಿದವರು ವರ್ಷಗಟ್ಟಲೆ ಕಾಯುತ್ತಾರೆ. ಹುಬ್ಬಳ್ಳಿಯಲ್ಲಿ ಮದುವೆಯ ವಿಡಿಯೊ ಸಂಕಲನ ಮಾಡಿಕೊಂಡೇ ಮನೆ ನಡೆಸುತ್ತಿರುವವರನ್ನು ಬಲ್ಲೆ. ಆ ಕೆಲಸವನ್ನು ಕೀಳಾಗಿ ನೋಡಬಾರದು ಎಂದು ಮಗಳಿಗೆ ಈಗಲೇ ಹೇಳಿ.

ಪದವಿಯವರೆಗೆ ಕಾಯುವ ಮನಸ್ಸಿಲ್ಲದಿದ್ದರೆ ಮೈಸೂರಿನ ಚಾಮರಾಜೇಂದ್ರ ದೃಶ್ಯಕಲಾ ಅಕಾಡೆಮಿ ಇದೆ. ಪಿಯುಸಿ ನಂತರದ ದೃಶ್ಯಕಲಾ ಪದವಿಯಲ್ಲಿ ಅಲ್ಲಿ ಛಾಯಾಚಿತ್ರಣವನ್ನೂ ಕಲಿಸುತ್ತಾರೆ. ಬೆಂಗಳೂರು ಬಳಿಯ ಹೆಸರಘಟ್ಟದ ಸರ್ಕಾರಿ ಚಲನಚಿತ್ರ ಸಂಸ್ಥೆಯಲ್ಲಿ ಛಾಯಾಗ್ರಹಣ ಮತ್ತು ಧ್ವನಿಯ ಡಿಪ್ಲೊಮಾ ಇದೆ. ಅದರ ಬೇರು ಬೆಂಗಳೂರಿನ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್ಕಿನಲ್ಲಿದೆ. ಮುಂದೆ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಪಡೆದ ಛಾಯಾಗ್ರಾಹಕ ವಿ.ಕೆ. ಮೂರ್ತಿ ಅವರು 1940ರ ದಶಕದಲ್ಲಿ ಕಲಿತದ್ದು ಅದೇ ಪಾಲಿಟೆಕ್ನಿಕ್ಕಿನಲ್ಲಿ.

ಖಾಸಗಿ ವಿಶ್ವವಿದ್ಯಾಲಯಗಳೆಲ್ಲ ಕೆಟ್ಟವು ಎನ್ನಲಾರೆ. ಆದರೆ ಹಣ ಕಟ್ಟುವ ಮೊದಲು ಅಲ್ಲಿಗೆ ಹೋಗಿ ಎರಡು ಮಾತು ಕೇಳಿ. ಒಬ್ಬ ವಿದ್ಯಾರ್ಥಿಗೆ ವಾರಕ್ಕೆ ಎಷ್ಟು ಗಂಟೆ ಕ್ಯಾಮೆರಾ ಕೈಗೆ ಸಿಗುತ್ತದೆ? ಹೋದ ವರ್ಷ ಮಕ್ಕಳು ಮಾಡಿದ ಕಿರುಚಿತ್ರಗಳನ್ನು ತೋರಿಸುತ್ತೀರಾ? ತೋರಿಸಲು ಹಿಂದೇಟು ಹಾಕಿದರೆ ಎದ್ದು ಬನ್ನಿ. ಮನೆ ಅಡವಿಟ್ಟು ಅಂಥ ಒಂದು ಕಡೆ ಸೇರಿದ ಹುಡುಗನೊಬ್ಬ ಎರಡನೆಯ ವರ್ಷಕ್ಕೇ ಓದು ಬಿಟ್ಟು ಬಂದು ನನ್ನೆದುರು ಅತ್ತಿದ್ದಾನೆ. ಅವನಿಗೆ ಕಲಿಯುವ ಆಸೆ ಎಳ್ಳಷ್ಟೂ ಕಡಿಮೆ ಇರಲಿಲ್ಲ. ಕಂತು ಕಟ್ಟಲು ಆಗಲಿಲ್ಲ, ಅಷ್ಟೇ.

ಇನ್ನು ಮಗಳಿಗೇ ಒಂದು ಮಾತು. ತಾಯಿ, ನಿನ್ನ ಊರಿನಲ್ಲೇ ಒಂದು ಶಾಲೆ ಇದೆ. ಮೆಣಸಿನಕಾಯಿ ಮಾರುಕಟ್ಟೆಗೆ ಹೋಗು. ತೊಟ್ಟು ಬಿಡಿಸುತ್ತ ಕುಳಿತ ಹೆಣ್ಣುಮಕ್ಕಳನ್ನು ಕೇಳಿ, ಅವರು ಒಪ್ಪಿದರೆ ಮಾತ್ರ ಮೊಬೈಲಿನಲ್ಲಿ ಚಿತ್ರ ತೆಗೆ. ಮನೆಗೆ ಬಂದು ನೋಡಿದರೆ ಮೆಣಸಿನಕಾಯಿ ರಾಶಿ ಕೆಂಪು ಬಣ್ಣ ಚೆಲ್ಲಿದಂತೆ ಕಾಣುತ್ತದೆ, ಬ್ಯಾಡಗಿ ಕಾಯಿಯ ಸುಕ್ಕು ಒಂದೂ ಕಾಣುವುದಿಲ್ಲ. ಗಾಢ ಕೆಂಪು ಬಣ್ಣ ಬಿಸಿಲಿಗೆ ಬಿದ್ದಾಗ ಕ್ಯಾಮೆರಾದೊಳಗೆ ಬೆಳಕು ಹಿಡಿಯುವ ಸಂವೇದಕದಲ್ಲಿ ಕೆಂಪಿನ ಪಾಲು ಉಳಿದ ಬಣ್ಣಗಳಿಗಿಂತ ಮೊದಲೇ ತುಂಬಿ ತುಳುಕುತ್ತದೆ, ಅದಕ್ಕೇ ಹೀಗೆ. ಮರುದಿನ ಮೊಬೈಲಿನ ಪರದೆಯಲ್ಲಿ ರಾಶಿ ಕಾಣುವ ಕಡೆ ಬೆರಳೊತ್ತಿ, ಸುಕ್ಕು ಮರಳಿ ಕಾಣುವವರೆಗೆ ಬೆಳಕು ಇಳಿಸು. ಈಗ ಸೆರಗಿನ ನೆರಳಲ್ಲಿರುವ ಮುಖ ಕಪ್ಪಾಯಿತಲ್ಲವೇ? ತಮ್ಮನ ಕೈಗೆ ಬಿಳಿ ಪಂಚೆ ಕೊಟ್ಟು, ಬಿಸಿಲು ಅದಕ್ಕೆ ತಾಗಿ ಆ ಮುಖಕ್ಕೆ ಬೀಳುವಂತೆ ಹಿಡಿಸು. ಮುಖವೂ ಕಾಯಿಯ ಸುಕ್ಕೂ ಒಂದೇ ಚಿತ್ರದಲ್ಲಿ ಸಿಕ್ಕ ದಿನ ನನಗೆ ಬರೆ. ದೊಡ್ಡ ಛಾಯಾಗ್ರಾಹಕರು ಲೈಟು, ಥರ್ಮಕೋಲ್ ಹಲಗೆ ಇಟ್ಟುಕೊಂಡು ಮಾಡುವುದೂ ಇದೇ ಕೆಲಸವನ್ನು.

ಪ್ರಶ್ನೆ: ಬಿ.ಎ. ಮುಗಿದಿದೆ. ಊರಿನ ದೊಡ್ಡಾಟದಲ್ಲಿ ಐದು ವರ್ಷದಿಂದ ಪಾತ್ರ ಮಾಡುತ್ತಿದ್ದೇನೆ. ದೆಹಲಿಯ ರಾಷ್ಟ್ರೀಯ ನಾಟಕ ಶಾಲೆ ಸೇರುವ ಆಸೆ. ಇಂಗ್ಲಿಷ್ ಬಾರದು.
– ಯುವಕ, ಹಾನಗಲ್ ತಾಲ್ಲೂಕು

ದೆಹಲಿಯ ಶಾಲೆಗೆ ಪದವಿ, ರಂಗಾನುಭವದ ಜೊತೆಗೆ ಹಿಂದಿ, ಇಂಗ್ಲಿಷ್ ವ್ಯವಹರಿಸುವಷ್ಟಾದರೂ ಬೇಕು. ಅದನ್ನು ಕಲಿಯಬಹುದು, ಅದಕ್ಕೆ ಹೆದರಬೇಡಿ. ಆದರೆ ನೇರ ಅಲ್ಲಿಗೆ ಹಾರುವ ಮೊದಲು ಒಂದು ವರ್ಷ ಕನ್ನಡದಲ್ಲೇ ರಂಗಶಿಕ್ಷಣ ಪಡೆಯಿರಿ. ಹೆಗ್ಗೋಡಿನ ನೀನಾಸಂನಲ್ಲಿ 1980ರಿಂದ ಒಂದು ವರ್ಷದ ವಸತಿ ತರಬೇತಿ ನಡೆಯುತ್ತಿದೆ. ಸಾಣೇಹಳ್ಳಿಯಲ್ಲೂ ಮೈಸೂರು ರಂಗಾಯಣದಲ್ಲೂ ಅಂಥ ಶಿಕ್ಷಣವಿದೆ. ನಿಮ್ಮ ತಾಲ್ಲೂಕಿನ ಶೇಷಗಿರಿ ಎಂಬ ಪುಟ್ಟ ಹಳ್ಳಿಯಲ್ಲಿ ಊರವರೇ ರಂಗಮಂದಿರ ಇಟ್ಟುಕೊಂಡು ಹೊಸ ನಾಟಕ ಆಡುತ್ತಾರೆ. ನಾಳೆಯೇ ಹೋಗಿ ತಾಲೀಮಿನಲ್ಲಿ ಕುಳಿತುಕೊಳ್ಳಿ.

ಆಯ್ಕೆಗೆ ಹೋದಾಗ ಸಿನಿಮಾ ಸಂಭಾಷಣೆ ಒಪ್ಪಿಸಬೇಡಿ, ದಯವಿಟ್ಟು. ಕಿರೀಟ, ಭುಜಕೀರ್ತಿ ಹೊತ್ತು ಬೆಳಗಿನ ಜಾವದವರೆಗೆ ಕುಣಿದ ಮೈ ನಿಮ್ಮದು. ಮದ್ದಳೆಯ ಪೆಟ್ಟಿಗೆ ಹೆಜ್ಜೆ ಇಟ್ಟು, ಮೈಕಿಲ್ಲದೆ ಬಯಲಿನ ಕೊನೆಯ ಸಾಲಿಗೆ ಮಾತು ಮುಟ್ಟಿಸುವುದನ್ನು ನಗರದ ಹುಡುಗರು ವರ್ಷಗಟ್ಟಲೆ ಬೆವರು ಸುರಿಸಿ ಕಲಿಯುತ್ತಾರೆ. ನೀವು ಅದನ್ನು ಊರಿನಿಂದಲೇ ತಂದಿದ್ದೀರಿ. ಅದನ್ನೇ ಮಾಡಿ ತೋರಿಸಿ. ದೊಡ್ಡಾಟವನ್ನೇ ಆಳವಾಗಿ ಓದಬೇಕೆನಿಸಿದರೆ ಶಿಗ್ಗಾವಿ ಬಳಿಯ ಗೊಟಗೋಡಿಯಲ್ಲಿ ಜಾನಪದ ವಿಶ್ವವಿದ್ಯಾಲಯವೇ ಇದೆ.

ಪ್ರಶ್ನೆ: ದೃಶ್ಯಕಲಾ ಕಾಲೇಜಿಗೆ ಪೋರ್ಟ್‌ಫೋಲಿಯೊ (ನಾವು ಮಾಡಿದ ಚಿತ್ರಗಳ ಸಂಗ್ರಹ) ಕೇಳಿದ್ದಾರೆ. ಮೊಬೈಲಿನಲ್ಲಿ ತೆಗೆದ ಚಿತ್ರ ನಡೆಯುತ್ತದೆಯೇ? ಎಷ್ಟು ಇರಬೇಕು?
– ವಿದ್ಯಾರ್ಥಿನಿ, ಗದಗ

ಕಾಲೇಜಿನವರು ಕ್ಯಾಮೆರಾ ಇಂಥದೇ ಇರಬೇಕು ಎಂದು ಬರೆದಿರದಿದ್ದರೆ ಖಂಡಿತ ನಡೆಯುತ್ತದೆ. ಸಂಖ್ಯೆ ಅವರೇ ಹೇಳಿರದಿದ್ದರೆ ಹನ್ನೆರಡು ಸಾಕು. ಸೂರ್ಯಾಸ್ತ ಒಂದು, ಬೆಕ್ಕು ಒಂದು, ಜಾತ್ರೆ ಒಂದು ಎಂದು ಸೇರಿಸಬೇಡಿ. ಲಕ್ಕುಂಡಿ ನಿಮಗೆ ಹತ್ತಿರ. ಅಲ್ಲಿನ ಹಳೆಯ ಮುಸುಕಿನ ಬಾವಿಯ ಮೆಟ್ಟಿಲುಗಳನ್ನೇ ಹಿಡಿದುಕೊಳ್ಳಿ. ಮೊದಲ ದಿನ ಚಿತ್ರ ತೆಗೆಯದೆ ಸುಮ್ಮನೆ ಕುಳಿತು, ಬೆಳಗಿನಿಂದ ಸಂಜೆಯವರೆಗೆ ನೆರಳು ಯಾವ ಮೆಟ್ಟಿಲಿನಿಂದ ಯಾವ ಮೆಟ್ಟಿಲಿಗೆ ಸರಿಯಿತು ಎಂದು ಬರೆದಿಟ್ಟುಕೊಳ್ಳಿ. ಆ ಟಿಪ್ಪಣಿಯ ಹಾಳೆಯನ್ನೂ ಚಿತ್ರಗಳ ಜೊತೆಗೆ ಇಡಿ.