ವೈದ್ಯರನ್ನು ಕೇಳಿ: ಸೂಜಿಯೋ, ರಕ್ತ ಪರೀಕ್ಷೆಯೋ?

ಪ್ರಶ್ನೆ: ತೊಗರಿ ಹೊಲದಲ್ಲಿ ತುಕ್ಕು ಹಿಡಿದ ಕುಂಟೆಯ ಕುಡ ತಾಗಿ ನಿನ್ನೆ ಪಾದ ಸೀಳಿತು. ಟಿಟಿ ಯಾವಾಗ ಹಾಕಿಸಿಕೊಂಡಿದ್ದೆನೋ ನೆನಪಿಲ್ಲ. ರಕ್ತದಲ್ಲಿ ಧನುರ್ವಾಯು ನಿರೋಧಕ ಶಕ್ತಿ ನೋಡಿಸಿ, ಬೇಕಿದ್ದರಷ್ಟೇ ಸೂಜಿ ಚುಚ್ಚಿಸಿಕೊಳ್ಳಲೇ?
- ಒಬ್ಬ ರೈತ, ಆಳಂದ

ಉತ್ತರ: ಸೂಜಿಗೆ ಅಂಜಿ ಕಲಬುರಗಿಯ ಪ್ರಯೋಗಾಲಯಗಳನ್ನು ಸುತ್ತಬೇಡಿ. ಪ್ರತಿಕಾಯ, ಅಂದರೆ ರೋಗ ತಡೆಯಲು ರಕ್ತದಲ್ಲಿರುವ ರಕ್ಷಕ ಅಂಶ, ಅಳೆಯುವ ಎಲಿಸಾ ಪರೀಕ್ಷೆ ಇದೆ, ನಿಜ. ಮಿಲಿಲೀಟರಿಗೆ 0.1 ಅಂತರರಾಷ್ಟ್ರೀಯ ಘಟಕ ದಾಟಿದರೆ ಸಾಮಾನ್ಯವಾಗಿ ರಕ್ಷಣೆ ಉಂಟೆನ್ನುತ್ತೇವೆ; ಅಷ್ಟಿದ್ದವರಿಗೂ ಅಪರೂಪಕ್ಕೆ ರೋಗ ಬಂದದ್ದುಂಟು. ನಿಮ್ಮ ಗಾಯವಂತೂ ವರದಿಗೆ ಕಾಯುವುದಿಲ್ಲ. ಎಲ್ಲರೂ ತುಕ್ಕನ್ನು ಬೈಯುತ್ತಾರೆ. ಆದರೆ ರೋಗಾಣುವಿನ ಬೀಜಕಣಗಳಿರುವುದು ಸಗಣಿ ಬೆರೆತ ಮಣ್ಣಿನಲ್ಲಿ. ಸೋಪು, ನೀರಿನಿಂದ ಚೆನ್ನಾಗಿ ತೊಳೆದು ಇಂದೇ ಆಸ್ಪತ್ರೆಗೆ ಹೋಗಿ. ಹಿಂದೆ ಮೂರು ಡೋಸ್ ಆಗಿದ್ದು, ಕೊನೆಯದಕ್ಕೆ 5 ವರ್ಷ ತುಂಬಿರದಿದ್ದರೆ ಸೂಜಿ ಬೇಡ ಎನ್ನುತ್ತಿದ್ದೆ. ನಿಮಗೆ ನೆನಪೇ ಇಲ್ಲವಲ್ಲ! ಟಿಡಿ (ಧನುರ್ವಾಯು, ಡಿಫ್ತೀರಿಯಾ ಎರಡನ್ನೂ ತಡೆಯುವ) ಲಸಿಕೆಯ ಜೊತೆ ಇಮ್ಯುನೊಗ್ಲಾಬ್ಯುಲಿನ್, ಅಂದರೆ ಸಿದ್ಧ ಪ್ರತಿಕಾಯಗಳ ಸೂಜಿ ಕೂಡ ಬೇಕಾಗಬಹುದು, ಅಲ್ಲಿಯೇ ಕೇಳಿ. ಉಳಿದ ಡೋಸುಗಳ ತಾರೀಖನ್ನು ಮೊಬೈಲಿನಲ್ಲಿ ಬರೆದಿಟ್ಟುಕೊಳ್ಳಿ.