ಉದ್ಘಾಟನೆ ಬಿಡಿ, ಮೊದಲು ಆರು ವಾರ ನಡೆಯಿರಿ

ಯೂನಿವರ್ಸಿಟಿಯಲ್ಲಿ ಹಕ್ಕಿ ವೀಕ್ಷಕರ ಸಂಘ ಶುರು ಮಾಡ್ತಿದ್ದೀನಿ, ಲೋಗೋ ರೆಡಿ, ಒಂಬತ್ತು ಪದಾಧಿಕಾರಿಗಳೂ ಆದ್ರು, ಉದ್ಘಾಟನೆಗೆ ಯಾರನ್ನು ಕರೆಯಲಿ ಅಂತ ಕೇಳಿದ್ದೀರಿ. ತಮ್ಮಾ, ಓದಿ ತಲೆ ಚಚ್ಚಿಕೊಂಡೆ. ಎಂ.ಎಸ್ಸಿ. ಓದುವಾಗ ನಾನೂ ಇದನ್ನೇ ಮಾಡಿದ್ದೆ.

ಶಾಲು, ಹಾರ, ಹಣ್ಣಿನ ಬುಟ್ಟಿ, ಪ್ರಾಸ್ತಾವಿಕ ನುಡಿ, ಎಲ್ಲಾ ಆಯ್ತು. ಹಾಲ್ ತುಂಬಿತ್ತು, ಯಾಕಂದ್ರೆ ಬಂದವರಿಗೆ ಹಾಜರಿ ಕೊಡ್ತೀವಿ ಅಂದಿದ್ದರು. ಮುಂದಿನ ಭಾನುವಾರ ಬೆಳಗ್ಗೆ ಆರೂವರೆಗೆ ಗೇಟ್ ಹತ್ತಿರ ನಿಂತೆ. ಬಂದವರು ಇಬ್ಬರು. ಅದರಲ್ಲಿ ಒಬ್ಬ ನನ್ನ ರೂಮ್‌ಮೇಟ್, ಬೈದು ಎಬ್ಬಿಸಿ ಕರೆತಂದಿದ್ದೆ. ಕಾರ್ಯದರ್ಶಿ, ಜಂಟಿ ಕಾರ್ಯದರ್ಶಿ ಯಾರ ಪತ್ತೆಯೂ ಇಲ್ಲ. ಖಜಾಂಚಿ ಮಧ್ಯಾಹ್ನ ಸಿಕ್ಕ, ಟೀ ಶರ್ಟ್ ಬಾಕಿ ಬಿಲ್ಲು ಹಿಡಿದುಕೊಂಡು.

ಮುಂದಿನ ವರ್ಷ ಉಲ್ಟಾ ಮಾಡಿದೆವು. ಶನಿವಾರ, ಆರೂವರೆ, ಲೈಬ್ರರಿ ಹಿಂದಿನ ಆಲದ ಮರದಿಂದ ಕೆರೆ ಏರಿವರೆಗೆ. ದಿನ, ಹೊತ್ತು, ದಾರಿ ಯಾವತ್ತೂ ಬದಲಾಗಬಾರದು. ಮುಗಿದ ಮೇಲೆ ಕ್ಯಾಂಟೀನ್‌ನಲ್ಲಿ ಇಡ್ಲಿ. ಒಂದು ಇನ್ನೂರು ಪುಟದ ನೋಟ್‌ಬುಕ್, ಅದರಲ್ಲಿ ಬಂದವರ ಹೆಸರು, ಕಂಡ ಹಕ್ಕಿ. ಒಬ್ಬ ಹುಡುಗಿ ಮೊದಲ ದಿನ 'ಹಸಿರು ಹಕ್ಕಿ, ಬಾಲದಲ್ಲಿ ಸೂಜಿ' ಅಂತ ಬರೆದಳು. ಅದು ಕಳ್ಳಿಪೀರ (ಗ್ರೀನ್ ಬೀ-ಈಟರ್)! ಹಕ್ಕಿಯ ಹೆಸರೇ ಗೊತ್ತಿಲ್ಲದ ಆಕೆ ಒಂದು ವಾರವೂ ತಪ್ಪಿಸಲಿಲ್ಲ. ಆರನೇ ವಾರ ನೋಟ್‌ಬುಕ್ ತೆಗೆದು ನೋಡಿ ಆಕೆಯನ್ನೇ ಕಾರ್ಯದರ್ಶಿ ಮಾಡಿದೆವು. ಚುನಾವಣೆಯೂ ಬೇಕಾಗಲಿಲ್ಲ.

ಕೊನೇ ವರ್ಷದವರನ್ನು ಮಾತ್ರ ಅಧ್ಯಕ್ಷರನ್ನಾಗಿ ಮಾಡಬೇಡಿ. ಪ್ರಾಜೆಕ್ಟ್ ಶುರುವಾದ ಮೇಲೆ ಅವರು ಕೈಗೆ ಸಿಗಲ್ಲ, ನೋಟ್‌ಬುಕ್ಕೂ ಸಿಗಲ್ಲ. ಸಂಚಾಲಕರಾಗಿ ಕಾಯಂ ಅಧ್ಯಾಪಕರೇ ಇರಲಿ. ಅತಿಥಿ ಉಪನ್ಯಾಸಕರ ಮೇಲೆ ಗೌರವ ಇದ್ದೇ ಇದೆ, ಆದರೆ ಮುಂದಿನ ವರ್ಷ ಅವರ ಕೆಲಸದ್ದೇ ಖಾತ್ರಿ ಇರಲ್ಲ ಅಲ್ವಾ? ಕೆರೆ ಕಡೆ ಹೋಗೋದಾದರೆ ಸಂಚಾಲಕರ ಸಹಿ ಇರುವ ಪತ್ರ ಸೆಕ್ಯುರಿಟಿಗೆ ಮೊದಲೇ ಕೊಡಿ.

ಅಕ್ಟೋಬರ್‌ನಲ್ಲಿ ಶುರು ಮಾಡಿ. ವಲಸೆ ಹಕ್ಕಿಗಳು ಬರ್ತಾ ಇರುತ್ತವೆ, ಹೊಸಬರಿಗೆ ಬೇಜಾರಾಗಲ್ಲ. ಏಪ್ರಿಲ್‌ನಲ್ಲಿ ಶುರು ಮಾಡಿದರೆ ಬಿಸಿಲು, ಆಮೇಲೆ ಪರೀಕ್ಷೆ, ಅಲ್ಲಿಗೆ ಮುಗೀತು. ಫೆಬ್ರವರಿಯಲ್ಲಿ ಕಾಲೇಜು ಆವರಣಗಳ ಹಕ್ಕಿ ಎಣಿಸುವ ಕ್ಯಾಂಪಸ್ ಬರ್ಡ್ ಕೌಂಟ್ ಬಿಡಬೇಡಿ. ನಾಲ್ಕು ದಿನ ನಡೆಯುತ್ತೆ, ಹದಿನೈದು ನಿಮಿಷ ನೋಡಿದರೂ ಇಬರ್ಡ್‌ಗೆ (ಕಂಡ ಹಕ್ಕಿ ದಾಖಲಿಸುವ ಜಾಲತಾಣ) ಪಟ್ಟಿ ಹಾಕಬಹುದು.

ದುಡ್ಡು ಬಂದರೆ ಟೀ ಶರ್ಟ್ ಅಲ್ಲ, 8x40 ಅಥವಾ 8x42 ಬೈನಾಕ್ಯುಲರ್ ಎರಡು ತಗೊಳ್ಳಿ (ಮೊದಲ ಅಂಕಿ ಎಷ್ಟು ಪಟ್ಟು ದೊಡ್ಡದಾಗಿ ಕಾಣುತ್ತೆ ಅಂತ, ಎರಡನೆಯದು ಮುಂದಿನ ಗಾಜಿನ ಅಗಲ, ಮಿ.ಮೀ.ನಲ್ಲಿ). ನಿಕಾನ್ ಥರದ ಯಾವುದಾದರೂ ಸರಿ. ಜೂಮ್ ಇರೋದು ಸುಮ್ನೆ ದಂಡ, 10x50 ಹೊಸಬರ ಕೈಯಲ್ಲಿ ಅಲ್ಲಾಡುತ್ತೆ. ಮರ್ಲಿನ್ ಆಪ್ ಕೂಗು ಗುರುತಿಸಲು ಚೆನ್ನಾಗಿದೆ, ಆದರೆ ಅದು ಹೇಳಿದ್ದೆಲ್ಲ ಪಟ್ಟಿಗೆ ಹಾಕಬೇಡಿ, ಕಣ್ಣಲ್ಲಿ ನೋಡಿ. ಫೋಟೋ ಆಸೆಗೆ, ಹಕ್ಕಿ ಹತ್ತಿರ ಬರಲಿ ಅಂತ ಸ್ಪೀಕರ್‌ನಲ್ಲಿ ಅದರ ಕೂಗು ಹಾಕುವವರನ್ನು ಹತ್ತಿರಾನೂ ಸೇರಿಸಬೇಡಿ. ಗೂಡು ಕಟ್ಟುವ ಕಾಲದಲ್ಲಂತೂ ಅದು ಪಾಪದ ಕೆಲಸ.

ಅತಿಥಿ ಬೇಕೇ ಬೇಕು ಅಂದ್ರೆ ಆರನೇ ವಾರ ರಾತ್ರಿ ಪಾಳಿಯ ಸೆಕ್ಯುರಿಟಿ ಅಣ್ಣನನ್ನು ಇಡ್ಲಿಗೆ ಕರೆಯಿರಿ. ಹಾಲಕ್ಕಿ ಗೂಬೆ ಯಾವ ಪೊಟರೆಯಲ್ಲಿದೆ ಅಂತ ನಮಗೆ ತೋರಿಸಿದ್ದು ಅವರೇ.