ಕಂಪನಿ ನಮ್ಮೂರಲ್ಲಿ, ತೆರಿಗೆ ಯಾವೂರಿಗೆ?

ಓದುಗರ ಪ್ರಶ್ನೆ, ಬಲ್ಲವರ ಉತ್ತರ. ದೊಡ್ಡ ಕಂಪನಿಗಳ ತೆರಿಗೆಯ ಬಗ್ಗೆ ಮುಂಬಯಿ, ಪುಣೆ, ಗೋವಾದಿಂದ ಬಂದ ಪತ್ರಗಳನ್ನು ಈ ಬಾರಿ ಒಟ್ಟಿಗೆ ತೆಗೆದುಕೊಂಡಿದ್ದೇವೆ.

ಪ್ರಶ್ನೆ: ದೇಶದ ನೇರ ತೆರಿಗೆಯಲ್ಲಿ ಹತ್ತಿರಹತ್ತಿರ ಮೂರನೇ ಒಂದು ಪಾಲು ಮುಂಬಯಿಯದೇ ಎನ್ನುತ್ತಾರೆ. ಹಾಗಿದ್ದರೆ ಪ್ರತಿ ಮಳೆಗಾಲದಲ್ಲೂ ನಮ್ಮ ರಸ್ತೆಗಳು ಹೀಗೇಕೆ? ಕಂಪನಿಗಳು ಕಟ್ಟಬೇಕಾದಷ್ಟು ಕಟ್ಟುತ್ತಿಲ್ಲವೇ?
– ಅಂಧೇರಿಯ ಓದುಗರು

ಉತ್ತರ: ಮೊದಲಿಗೆ ಆ ಮೂರನೇ ಒಂದು ಪಾಲಿನ ಮಾತು. ಕಂಪನಿಯ ಕಾರ್ಖಾನೆ ಬಳ್ಳಾರಿಯಲ್ಲಿರಬಹುದು, ಒಡಿಶಾದಲ್ಲಿರಬಹುದು. ನೋಂದಾಯಿತ ಕಚೇರಿ ನರಿಮನ್ ಪಾಯಿಂಟ್‌ನಲ್ಲಿದ್ದರೆ ಅದರ ಆದಾಯ ತೆರಿಗೆ ಮುಂಬಯಿ ಲೆಕ್ಕದಲ್ಲಿ ಜಮೆಯಾಗುತ್ತದೆ. ಹಣ ಹುಟ್ಟಿದ್ದು ಇಲ್ಲೇ ಎಂದು ಅದರಿಂದ ಹೇಳಲಾಗದು, ಹಣ ಇಲ್ಲೇ ಉಳಿಯುತ್ತದೆ ಎಂದಂತೂ ಹೇಳಲೇಬಾರದು.

ಲೆಕ್ಕ ಹಾಕಿಯೇ ನೋಡೋಣ. 2019ರ ಸೆಪ್ಟೆಂಬರ್‌ನಲ್ಲಿ ಬಂದ ಶೇ 22ರ ದರವನ್ನು ಆಯ್ದುಕೊಂಡ ಕಂಪನಿಯೊಂದಕ್ಕೆ 100 ಕೋಟಿ ರೂಪಾಯಿ ಲಾಭ ಬಂದಿದೆ ಎನ್ನಿ. ತೆರಿಗೆ 22 ಕೋಟಿ. ಅದರ ಮೇಲೆ ಶೇ 10 ಸರ್‌ಚಾರ್ಜ್, ಅಂದರೆ 2.20 ಕೋಟಿ. ಎರಡನ್ನೂ ಕೂಡಿಸಿ ಶೇ 4 ಸೆಸ್, ಸುಮಾರು 97 ಲಕ್ಷ. ಒಟ್ಟು 25.17 ಕೋಟಿ ದಿಲ್ಲಿಗೆ ಹೋಯಿತು. ಇದರಲ್ಲಿ ಸರ್‌ಚಾರ್ಜ್ ಮತ್ತು ಸೆಸ್ ರಾಜ್ಯಗಳ ಜೊತೆ ಹಂಚಿಕೆಯಾಗುವುದಿಲ್ಲ. ಉಳಿದ 22 ಕೋಟಿಯಲ್ಲಿ, 15ನೇ ಹಣಕಾಸು ಆಯೋಗ 2021–26ಕ್ಕೆ ಹೇಳಿದ ಪ್ರಕಾರ, ಎಲ್ಲ ರಾಜ್ಯಗಳಿಗೂ ಸೇರಿ ಶೇ 41, ಅಂದರೆ 9.02 ಕೋಟಿ. ಅದರಲ್ಲಿ ಆ ಅವಧಿಗೆ ಮಹಾರಾಷ್ಟ್ರದ ಪಾಲು ಶೇ 6.317. ಕೈಗೆ ಬರುವುದು ಸುಮಾರು 57 ಲಕ್ಷ. ಕರ್ನಾಟಕಕ್ಕೆ ಶೇ 3.647ರಂತೆ 33 ಲಕ್ಷದ ಆಸುಪಾಸು, ಗೋವಾಕ್ಕೆ ಮೂರೂವರೆ ಲಕ್ಷ.

ಈ 57 ಲಕ್ಷವೂ ಮುಂಬಯಿ ಪಾಲಿಕೆಗೆ ಬರುವ ಹಣವಲ್ಲ, ಇಡೀ ರಾಜ್ಯದ್ದು. ಅಲ್ಲಿಂದ ಪಾಲಿಕೆ, ಪಂಚಾಯತಿಗಳಿಗೆ ಎಷ್ಟು ಎಂಬುದು ರಾಜ್ಯ ಸರ್ಕಾರದ ಕೈಯಲ್ಲಿದೆ. ಹಾಗಾಗಿ ಕಂಪನಿ ಒಂದು ಪೈಸೆ ತಪ್ಪಿಸದೆ ಕಟ್ಟಿದರೂ ನಿಮ್ಮ ಬೀದಿಯ ಮೋರಿಗೆ ಅದರಿಂದ ನೇರವಾಗಿ ಏನೂ ಬರುವುದಿಲ್ಲ. ‘ಸಾಕಷ್ಟು ಕಟ್ಟುತ್ತಿದೆಯೇ’ ಎಂಬ ಪ್ರಶ್ನೆಗೆ ದಿಲ್ಲಿಯ ಲೆಕ್ಕದಲ್ಲಿ ಒಂದು ಉತ್ತರ, ವಾರ್ಡಿನ ಲೆಕ್ಕದಲ್ಲಿ ಇನ್ನೊಂದು ಉತ್ತರ. ವಾರ್ಡಿನ ಲೆಕ್ಕದಲ್ಲಿ ಸಾಲದು ಎಂಬುದೇ ನಮ್ಮ ಅಭಿಪ್ರಾಯ.

ಪ್ರಶ್ನೆ: ಜಕಾತ್ ನಾಕಾಗಳು ಹೋದ ಮೇಲೆ ದೊಡ್ಡವರಿಂದ ಪಾಲಿಕೆಗೆ ಸಿಗುವುದೇನು? ನಮ್ಮಂಥ ಸಣ್ಣ ಹೋಟೆಲಿನವರ ಘರಪಟ್ಟಿಯಂತೂ (ಆಸ್ತಿ ತೆರಿಗೆ) ಒಂದು ವರ್ಷವೂ ತಪ್ಪುವುದಿಲ್ಲ.
– ಘಾಟ್‌ಕೋಪರ್‌ನ ಹೋಟೆಲ್ ಮಾಲೀಕರು

ಉತ್ತರ: ಮುಲುಂಡ್, ದಹಿಸರ್, ವಾಶಿ ನಾಕಾಗಳಲ್ಲಿ ಲಾರಿ ನಿಲ್ಲಿಸಿ, ಊರೊಳಗೆ ಬರುವ ಸರಕಿನ ಮೇಲೆ ವಸೂಲು ಮಾಡುತ್ತಿದ್ದ ಜಕಾತ್ ಪಾಲಿಕೆಯ ಅತಿ ದೊಡ್ಡ ಸ್ವಂತ ಆದಾಯವಾಗಿತ್ತು. 2017ರ ಜುಲೈ 1ರಂದು ಜಿಎಸ್‌ಟಿ ಬಂದಾಗ ಅದು ನಿಂತಿತು. ಬದಲಿಗೆ ರಾಜ್ಯ ಸರ್ಕಾರ ಪಾಲಿಕೆಗೆ ಪರಿಹಾರ ಕೊಡುತ್ತದೆ. ವರ್ಷಕ್ಕೆ ಶೇ 8ರಂತೆ ಏರುವ ಈ ಮೊತ್ತಕ್ಕೆ ಅದೇ ವರ್ಷದ ರಾಜ್ಯ ಕಾನೂನಿನ ಆಧಾರವಿದೆ. ಹಣ ಬರುತ್ತಿದೆ, ನಿಜ. ಆದರೆ ತಾನೇ ವಸೂಲು ಮಾಡಿದ ಹಣಕ್ಕೂ ಇನ್ನೊಬ್ಬರು ಕೊಟ್ಟ ಹಣಕ್ಕೂ ವ್ಯತ್ಯಾಸವಿದೆ. ಊರಿನಲ್ಲಿ ವ್ಯಾಪಾರ ಎಷ್ಟೇ ಹೆಚ್ಚಿದರೂ ಪಾಲಿಕೆಯ ಪಾಲು ಅದರ ಜೊತೆಗೆ ಏರುವುದಿಲ್ಲ.

ಪುಣೆಯ ಓದುಗರಿಗೆ ಒಂದು ಮಾತು: ನಿಮ್ಮಲ್ಲಿ ಜಕಾತ್ 2013ರಲ್ಲೇ ಹೋಗಿ ಎಲ್‌ಬಿಟಿ, ಅಂದರೆ ಸ್ಥಳೀಯ ಸಂಸ್ಥೆ ತೆರಿಗೆ ಬಂತು. 2015ರ ಆಗಸ್ಟ್‌ನಿಂದ 50 ಕೋಟಿಗಿಂತ ಕಡಿಮೆ ವಹಿವಾಟಿನವರಿಗೆ ಅದನ್ನು ಕೈಬಿಟ್ಟರು. ಅಂದರೆ ಎರಡು ವರ್ಷ ಕಾಲ ದೊಡ್ಡವರು ಮಾತ್ರ ಸ್ಥಳೀಯ ತೆರಿಗೆ ಕಟ್ಟುವ ಪದ್ಧತಿ ಇತ್ತು. ಜಿಎಸ್‌ಟಿ ಅದನ್ನೂ ನುಂಗಿತು.

ಈಗ ಪಾಲಿಕೆಯ ಕೈಯಲ್ಲಿ ಉಳಿದಿರುವ ದೊಡ್ಡ ಸ್ವಂತ ತೆರಿಗೆ ಎಂದರೆ ಘರಪಟ್ಟಿ. ಮುಂಬಯಿಯಲ್ಲಿ 2010ರ ಏಪ್ರಿಲ್‌ನಿಂದ ಬಂಡವಾಳ ಮೌಲ್ಯದ ಪದ್ಧತಿ. ರೆಡಿ ರೆಕನರ್ ದರವನ್ನು (ಸರ್ಕಾರ ನಿಗದಿ ಮಾಡಿದ ಆಸ್ತಿ ದರ) ವಿಸ್ತೀರ್ಣದಿಂದ ಗುಣಿಸಿ, ಬಳಕೆ, ಕಟ್ಟಡದ ಬಗೆ, ವಯಸ್ಸು, ಮಹಡಿ ಇವುಗಳ ಗುಣಕ ಹಾಕುತ್ತಾರೆ. ವ್ಯತ್ಯಾಸವಾಗುವುದು ಇಲ್ಲೇ. ನಿಮ್ಮ ಬಿಲ್ ತೆಗೆದು ಬಳಕೆಯ ವರ್ಗ ಮತ್ತು ವಿಸ್ತೀರ್ಣ ಮೊದಲು ನೋಡಿ. ಅಡುಗೆಮನೆಯ ಮೇಲಿನ ಅಟ್ಟ ಸೇರಿಸಿದ್ದಾರೆಯೇ, ಕಟ್ಟಡದ ವಯಸ್ಸು ಸರಿಯಿದೆಯೇ ಎಂದು ನೋಡಿ. ಸಾಲುಗಳಲ್ಲಿ ಸಾಮಾನ್ಯ ತೆರಿಗೆ, ನೀರು, ಒಳಚರಂಡಿ, ಮರ, ರಸ್ತೆಯ ಬಾಬ್ತು ಪಾಲಿಕೆಯವು. ರಾಜ್ಯ ಶಿಕ್ಷಣ ಸೆಸ್ ಮತ್ತು ವಾಣಿಜ್ಯ ಕಟ್ಟಡಗಳಿಗಷ್ಟೇ ಹಾಕುವ ಉದ್ಯೋಗ ಖಾತರಿ ಸೆಸ್ ಮಾತ್ರ ರಾಜ್ಯದ ಖಜಾನೆಗೆ. ಪಾಲಿಕೆ ಅವನ್ನು ವಸೂಲು ಮಾಡಿಕೊಡುತ್ತದೆ ಅಷ್ಟೆ.

ಬಾಕಿ ಉಳಿಸಿದರೆ ತಿಂಗಳಿಗೆ ಶೇ 2 ದಂಡ. ಸಣ್ಣವರು ಈ ದಂಡಕ್ಕೆ ಹೆದರಿ ಕಟ್ಟಿಬಿಡುತ್ತಾರೆ. ದೊಡ್ಡ ಆಸ್ತಿಯವರು ವಕೀಲರನ್ನಿಟ್ಟು ವರ್ಷಗಟ್ಟಲೆ ವ್ಯಾಜ್ಯ ನಡೆಸಬಲ್ಲರು. ಖಾಲಿ ಜಾಗಕ್ಕೆ ಮುಂದೆ ಕಟ್ಟಬಹುದಾದ ಎಫ್‌ಎಸ್‌ಐ (ಜಾಗದ ಅಳತೆಗೆ ತಕ್ಕಂತೆ ಕಟ್ಟಲು ಬಿಡುವ ವಿಸ್ತೀರ್ಣ) ಲೆಕ್ಕದಲ್ಲಿ ತೆರಿಗೆ ಹಾಕುವ ಪಾಲಿಕೆಯ ನಿಯಮವನ್ನು ಆಸ್ತಿ ಮಾಲೀಕರು ಪ್ರಶ್ನಿಸಿದ್ದರು. ಹೈಕೋರ್ಟ್ 2019ರಲ್ಲಿ ಅದನ್ನು ರದ್ದು ಮಾಡಿತು, ಸುಪ್ರೀಂ ಕೋರ್ಟ್ 2022ರ ನವೆಂಬರ್‌ನಲ್ಲಿ ಆ ತೀರ್ಪನ್ನೇ ಎತ್ತಿಹಿಡಿಯಿತು. ಅದು ಅವರ ಹಕ್ಕು. ಆದರೆ ನಿಯಮವನ್ನು ನೆಟ್ಟಗೆ ಬರೆಯದೆ ಹೋದದ್ದರ ನಷ್ಟ ಬಿದ್ದದ್ದು ಊರಿನ ಮೇಲೆ.

ಪ್ರಶ್ನೆ: ಹಿಂಜವಡಿಯಲ್ಲಿ ಇಷ್ಟು ಐಟಿ ಕಂಪನಿಗಳಿವೆ, ಚಾಕಣದಲ್ಲಿ ಇಷ್ಟು ಕಾರಿನ ಕಾರ್ಖಾನೆಗಳಿವೆ. ರಸ್ತೆಯಲ್ಲಿ ಮೊಣಕಾಲುದ್ದ ನೀರು. ಕೇಳಿದರೆ ಒಬ್ಬರು ಇನ್ನೊಬ್ಬರತ್ತ ಕೈ ತೋರಿಸುತ್ತಾರೆ. ಇವರ ತೆರಿಗೆ ಯಾರಿಗೆ ಸೇರುತ್ತದೆ, ನಾವು ಪರಿಶೀಲಿಸುವುದು ಹೇಗೆ?
– ಚಿಂಚವಡದ ಕೆಲವು ಓದುಗರು

ಉತ್ತರ: ಕೈ ತೋರಿಸುವುದಕ್ಕೆ ಕಾರಣವಿದೆ. ಹಿಂಜವಡಿ ಐಟಿ ಪಾರ್ಕ್ ರಾಜ್ಯದ ಕೈಗಾರಿಕಾ ಅಭಿವೃದ್ಧಿ ನಿಗಮದ್ದು (ಎಂಐಡಿಸಿ). ಅದರ ಸುತ್ತಲಿನ ಹಿಂಜವಡಿ, ಮಾಣ್ ಗ್ರಾಮ ಪಂಚಾಯತಿಗಳು. ಪ್ರದೇಶದ ಯೋಜನೆ ಪುಣೆ ಮಹಾನಗರ ಪ್ರದೇಶ ಅಭಿವೃದ್ಧಿ ಪ್ರಾಧಿಕಾರದ (ಪಿಎಂಆರ್‌ಡಿಎ) ಹೊಣೆ. ಪಕ್ಕದಲ್ಲೇ ಪಿಂಪರಿ–ಚಿಂಚವಡ ಪಾಲಿಕೆ. ಒಂದು ಮೋರಿ ಈ ನಾಲ್ವರ ಗಡಿ ದಾಟಿ ಹರಿಯುತ್ತದೆ.

ಚಾಕಣದಲ್ಲಿ ತಯಾರಾದ ಒಂದು ಸಣ್ಣ ಪೆಟ್ರೋಲ್ ಕಾರು ಹುಬ್ಬಳ್ಳಿಯಲ್ಲಿ ಮಾರಾಟವಾಯಿತು ಎನ್ನಿ. ತೆರಿಗೆ ಬಿಟ್ಟು ಬೆಲೆ 6 ಲಕ್ಷ. 2025ರ ಸೆಪ್ಟೆಂಬರ್ 22ರಿಂದ ಇಂಥ ಕಾರಿಗೆ ಜಿಎಸ್‌ಟಿ ಶೇ 18, ಅಂದರೆ 1.08 ಲಕ್ಷ. ಜಿಎಸ್‌ಟಿ ಸೇರುವುದು ವಸ್ತು ಬಳಕೆಯಾಗುವ ರಾಜ್ಯಕ್ಕೆ. ಹಾಗಾಗಿ 54 ಸಾವಿರ ಕೇಂದ್ರಕ್ಕೆ, 54 ಸಾವಿರ ಕರ್ನಾಟಕಕ್ಕೆ. ಮಹಾರಾಷ್ಟ್ರಕ್ಕೆ ಸೊನ್ನೆ. ರಾಜ್ಯದೊಳಗೇ ಮಾರಿದರೆ ಪಾಲು ಬರುತ್ತದೆ. ಆದರೆ ಉತ್ತೇಜನ ಯೋಜನೆಯಲ್ಲಿರುವ ಕಾರ್ಖಾನೆಗೆ ಅದರಲ್ಲಿ ಒಂದಷ್ಟನ್ನು ರಾಜ್ಯವೇ ಸಬ್ಸಿಡಿಯಾಗಿ ಮರಳಿಸುತ್ತದೆ. ಐಟಿ ಪಾರ್ಕಿನ ಎಸ್‌ಇಜೆಡ್ (ವಿಶೇಷ ಆರ್ಥಿಕ ವಲಯ) ಘಟಕಗಳ ರಫ್ತಿಗೆ ಜಿಎಸ್‌ಟಿ ಹೊರೆಯೇ ಇಲ್ಲ. 2020ಕ್ಕೆ ಮೊದಲು ಆರಂಭವಾದ ಘಟಕಗಳಿಗೆ ರಫ್ತಿನ ಲಾಭದ ಮೇಲೆ ಮೊದಲ 5 ವರ್ಷ ಪೂರ್ತಿ, ನಂತರದ 5 ವರ್ಷ ಅರ್ಧ ಆದಾಯ ತೆರಿಗೆ ವಿನಾಯಿತಿ ಸಿಗುತ್ತಿತ್ತು. ನಿಮ್ಮ ಸಂಬಳದ ಚೀಟಿಯಲ್ಲಿ ತಿಂಗಳಿಗೆ 200, ಫೆಬ್ರವರಿಯಲ್ಲಿ 300 ಕಡಿತವಾಗುವ ವೃತ್ತಿ ತೆರಿಗೆಯೂ ರಾಜ್ಯಕ್ಕೇ ಹೋಗುತ್ತದೆ. ವರ್ಷಕ್ಕೆ 2,500 ದಾಟಬಾರದೆಂದು ಸಂವಿಧಾನದ 276ನೇ ವಿಧಿಯೇ ಮಿತಿ ಹಾಕಿದೆ. ಸಂಬಳ ಎಷ್ಟೇ ಏರಿದರೂ ಆ ಮಿತಿ ಏರಿಲ್ಲ.

ಹಳ್ಳಿಗೆ ಉಳಿಯುವುದು ಪಂಚಾಯತಿ ಹಾಕುವ ಕಟ್ಟಡ ತೆರಿಗೆ. ಮಹಾರಾಷ್ಟ್ರ ಗ್ರಾಮ ಪಂಚಾಯತಿ ಕಾಯ್ದೆಯ 124ನೇ ಕಲಂ ಅದಕ್ಕೆ ಅಧಿಕಾರ ಕೊಡುತ್ತದೆ. 125ನೇ ಕಲಂ ಇನ್ನೊಂದು ದಾರಿ ತೆರೆದಿದೆ: ಕಾರ್ಖಾನೆ ಮತ್ತು ಪಂಚಾಯತಿ ಒಪ್ಪಂದ ಮಾಡಿಕೊಂಡು, ತೆರಿಗೆಯ ಬದಲು ಒಂದು ಗಂಟು ಮೊತ್ತ ಕಟ್ಟಬಹುದು. ಎಚ್ಚರ ಬೇಕಾದ್ದು ಇಲ್ಲಿ. ಎರಡು ಶೆಡ್ ಇದ್ದಾಗ ಒಪ್ಪಿದ ಮೊತ್ತ ಆರು ಶೆಡ್ ಎದ್ದ ಮೇಲೂ ಹಾಗೇ ಉಳಿದರೆ ಕಂಪನಿ ಕಾನೂನು ಮುರಿದಂತಾಗದು, ಊರು ಮಾತ್ರ ಬಡವಾಗುತ್ತದೆ.

ಪರಿಶೀಲನೆ ಹೀಗೆ ಮಾಡಿ. ಪಂಚಾಯತಿ ಕಚೇರಿಯಲ್ಲಿ ಎರಡು ದಫ್ತರಗಳಿವೆ: ನಮುನಾ 8 ಮತ್ತು ನಮುನಾ 9. ಎಂಟು ಎಂದರೆ ಯಾವ ಕಟ್ಟಡಕ್ಕೆ ಎಷ್ಟು ಆಕಾರಣಿ, ಅಂದರೆ ಎಷ್ಟು ತೆರಿಗೆ ನಿಗದಿ ಎಂಬ ಪಟ್ಟಿ. ಒಂಬತ್ತು ಎಂದರೆ ಬೇಡಿಕೆ ಪಟ್ಟಿ. ಹಿಂದಿನ ಬಾಕಿ, ಈ ವರ್ಷದ್ದು ಎರಡೂ ಅಲ್ಲಿವೆ. ಪಂಚಾಯತಿ ಅಧಿಕಾರಿಯಲ್ಲಿ ಆ ಕಾರ್ಖಾನೆಯ ಎರಡೂ ಉತಾರೆ (ದಾಖಲೆಯ ಪ್ರತಿ) ಕೇಳಿ. ನಮುನಾ 8ರಲ್ಲಿರುವ ಚದರ ಅಡಿಯನ್ನು ಎಂಐಡಿಸಿ ಮಂಜೂರು ಮಾಡಿದ ಕಟ್ಟಡ ನಕ್ಷೆಯ ವಿಸ್ತೀರ್ಣದ ಪಕ್ಕ ಇಟ್ಟು ನೋಡಿ. ಸೋರಿಕೆ ಇದ್ದರೆ ಮೊದಲು ಕಣ್ಣಿಗೆ ಬೀಳುವುದು ಈ ಎರಡು ಅಂಕಿಗಳ ನಡುವೆ. ಬಾಯಿಮಾತಿಗೆ ಕೊಡದಿದ್ದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ: ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಮಹಾರಾಷ್ಟ್ರದ ನಿಯಮದಲ್ಲಿ ಅರ್ಜಿ 150 ಪದ ಮೀರಬಾರದು, ಒಂದೇ ವಿಷಯ ಇರಬೇಕು. ಆದ್ದರಿಂದ ‘ಎಲ್ಲ ಕಂಪನಿಗಳ ಎಲ್ಲ ತೆರಿಗೆ’ ಎಂದು ಕೇಳಬೇಡಿ, ಅರ್ಜಿ ಅಲ್ಲೇ ಬೀಳುತ್ತದೆ. ‘ಇಂಥ ಗಟ್ ನಂಬರಿನ ಕಟ್ಟಡದ ಕಳೆದ ಐದು ವರ್ಷಗಳ ನಮುನಾ 8 ಮತ್ತು 9ರ ಪ್ರತಿ’ ಎಂದಷ್ಟೇ ಬರೆಯಿರಿ. 125ನೇ ಕಲಮಿನ ಒಪ್ಪಂದ ಇದ್ದರೆ ಅದರ ಪ್ರತಿಗೆ ಬೇರೆ ಅರ್ಜಿ. ಉತ್ತರ ಬಾರದಿದ್ದರೆ 30 ದಿನದೊಳಗೆ ಮೊದಲ ಮೇಲ್ಮನವಿ, 20 ರೂಪಾಯಿಯ ಕೋರ್ಟ್ ಫೀ ಸ್ಟಾಂಪ್ ಹಚ್ಚಿ. ಕೈಗೆ ಬಂದ ಕಾಗದವನ್ನು ಗ್ರಾಮಸಭೆಯಲ್ಲಿ ಓದಿ ನಡಾವಳಿಯಲ್ಲಿ ದಾಖಲಿಸಬೇಕು. ಗ್ರಾಮಸಭೆಗೆ ಊರಿನ ಮತದಾರರೇ ಬೇಕು. ಹಿಂಜವಡಿಯಲ್ಲಿ ಹತ್ತು ವರ್ಷದಿಂದ ಬಾಡಿಗೆಗಿದ್ದೂ ಮತದಾರರ ಗುರುತು ಧಾರವಾಡದ್ದೇ ಇಟ್ಟುಕೊಂಡವರು ಅದನ್ನು ಇಲ್ಲಿಗೆ ಬದಲಿಸಿಕೊಳ್ಳಿ. ಆಗ ಮಾತ್ರ ನಿಮ್ಮ ದನಿಗೆ ಬೆಲೆ.

ಪ್ರಶ್ನೆ: ಡಿಚೋಲಿಯಲ್ಲಿ ಮತ್ತೆ ಗಣಿ ಶುರುವಾಗಿದೆ. ಧೂಳು ನಮಗೆ. ರಾಯಲ್ಟಿ ಯಾರಿಗೆ?
– ಉತ್ತರ ಗೋವಾದ ಓದುಗರು

ಉತ್ತರ: ರಾಯಲ್ಟಿ ರಾಜ್ಯಕ್ಕೆ. ಕಬ್ಬಿಣದ ಅದಿರಿಗೆ ಸರಾಸರಿ ಮಾರಾಟ ಬೆಲೆಯ ಶೇ 15. ಆದರೆ ಗಣಿ ಪೀಡಿತ ಊರಿಗೆಂದೇ 2015ರ ತಿದ್ದುಪಡಿಯಲ್ಲಿ ಜಿಲ್ಲಾ ಖನಿಜ ಪ್ರತಿಷ್ಠಾನ, ಅಂದರೆ ಡಿಎಂಎಫ್ ಬಂದಿದೆ. ಗಣಿಯವರು ರಾಯಲ್ಟಿಯ ಜೊತೆಗೆ ಅದಕ್ಕೂ ಕಟ್ಟಬೇಕು: ಹಳೆಯ ಲೀಸಿನವರು ರಾಯಲ್ಟಿಯ ಶೇ 30, ಹರಾಜಿನಲ್ಲಿ ಪಡೆದವರು ಶೇ 10. ಸರಾಸರಿ ಬೆಲೆ ಟನ್ನಿಗೆ 3,000 ಎಂದು ಹಿಡಿದರೆ ರಾಯಲ್ಟಿ 450, ಡಿಎಂಎಫ್‌ಗೆ ಹಳೆಯ ಲೀಸಾದರೆ 135, ಹರಾಜಿನದಾದರೆ 45. ಗೋವಾದ 88 ಲೀಸುಗಳ ನವೀಕರಣವನ್ನು ಸುಪ್ರೀಂ ಕೋರ್ಟ್ 2018ರ ಫೆಬ್ರವರಿಯಲ್ಲಿ ರದ್ದು ಮಾಡಿದ ಮೇಲೆ ಗಣಿಗಳು ಹರಾಜಿಗೆ ಹೋದವು. ಹರಾಜಿನ ಪ್ರೀಮಿಯಂ ರಾಜ್ಯದ ಬೊಕ್ಕಸ ತುಂಬುತ್ತದೆ, ಹಳ್ಳಿಯ ಪಾಲು ಮಾತ್ರ ಟನ್ನಿಗೆ ಮೂರನೇ ಒಂದಕ್ಕೆ ಇಳಿದಿದೆ. ಇದು ನ್ಯಾಯವಲ್ಲ. ಧೂಳು ಮೂರನೇ ಒಂದಕ್ಕೆ ಇಳಿಯಲಿಲ್ಲವಲ್ಲ.

ರಾಯಲ್ಟಿ ತೆರಿಗೆಯಲ್ಲ, ಖನಿಜದ ಹಕ್ಕಿನ ಮೇಲೆ ರಾಜ್ಯಗಳು ಬೇರೆಯಾಗಿ ತೆರಿಗೆ ಹಾಕಬಹುದು ಎಂದು 2024ರ ಜುಲೈ 25ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 8–1ರ ಬಹುಮತದಲ್ಲಿ ಹೇಳಿದೆ. ಹಾಗಾಗಿ ‘ನಮಗೆ ಅಧಿಕಾರವಿಲ್ಲ’ ಎಂಬ ಮಾತನ್ನು ಪಣಜಿ ಇನ್ನು ಹೇಳುವಂತಿಲ್ಲ. ನೀವು ಕೇಳಬೇಕಾದ್ದು ಡಿಎಂಎಫ್‌ನ ಜಮಾ ಎಷ್ಟು, ನಿಮ್ಮ ಪಂಚಾಯತಿಗೆ ಮಂಜೂರಾದ ಕಾಮಗಾರಿ ಯಾವುದು, ಖರ್ಚು ಎಷ್ಟು. ಕುಡಿಯುವ ನೀರು, ಆರೋಗ್ಯ, ಶಾಲೆ ಮೊದಲಾದವಕ್ಕೆ ಕನಿಷ್ಠ ಶೇ 60 ಎಂದು 2015ರ ಮಾರ್ಗಸೂಚಿಯಲ್ಲೇ ಇತ್ತು.

ಪ್ರಶ್ನೆ: ಮೊಬೈಲ್ ಟವರಿಗೆ ಘರಪಟ್ಟಿ ಇದೆಯೇ?
– ವಾಸ್ಕೋದ ಓದುಗರು

ಉತ್ತರ: ರಾಜ್ಯದ ಕಾನೂನಿನ ಪ್ರಕಾರ ಹಾಕಬಹುದಿತ್ತು. ಟವರ್ ಕೂಡ ‘ಭೂಮಿ ಮತ್ತು ಕಟ್ಟಡ’ದೊಳಗೆ ಬರುತ್ತದೆ ಎಂದು ಸುಪ್ರೀಂ ಕೋರ್ಟ್ 2016ರ ಡಿಸೆಂಬರ್‌ನಲ್ಲಿ ತೀರ್ಪು ಕೊಟ್ಟಿತ್ತು. ಆದರೆ 2023ರ ದೂರಸಂಪರ್ಕ ಕಾಯ್ದೆಯ 14ನೇ ಕಲಂ 2024ರ ಜೂನ್‌ನಲ್ಲಿ ಜಾರಿಗೆ ಬಂದಿದೆ. ಅದರ ಪ್ರಕಾರ ಆಸ್ತಿ ತೆರಿಗೆಯ ಲೆಕ್ಕದಲ್ಲಿ ದೂರಸಂಪರ್ಕ ಜಾಲವನ್ನು ಅದು ನಿಂತಿರುವ ಆಸ್ತಿಯ ಭಾಗವೆಂದು ಪರಿಗಣಿಸುವಂತಿಲ್ಲ.

ಪ್ರಶ್ನೆ: ನಮ್ಮ ಸಂಘ ನಡೆಸುವ ಕನ್ನಡ ಶಾಲೆಗೆ ಹತ್ತಿರದ ದೊಡ್ಡ ಕಂಪನಿಯಿಂದ ಸಿಎಸ್‌ಆರ್ (ಕಂಪನಿಗಳ ಸಾಮಾಜಿಕ ಹೊಣೆಗಾರಿಕೆ) ಹಣ ಕೇಳಬೇಕೆಂದಿದ್ದೇವೆ. ಅದು ಸ್ಥಳೀಯರಿಗೇ ಕೊಡಬೇಕಾದ ತೆರಿಗೆ ತಾನೆ?
– ಮುಂಬಯಿಯ ಸಂಘವೊಂದರ ಕಾರ್ಯದರ್ಶಿ

ಉತ್ತರ: ತೆರಿಗೆಯಲ್ಲ, ಎಲ್ಲಿ ಕೊಡಬೇಕೆಂಬುದು ಕಂಪನಿಯ ಆಡಳಿತ ಮಂಡಳಿಯ ತೀರ್ಮಾನ. ನಿವ್ವಳ ಮೌಲ್ಯ 500 ಕೋಟಿ, ವಹಿವಾಟು 1,000 ಕೋಟಿ, ನಿವ್ವಳ ಲಾಭ 5 ಕೋಟಿ, ಇವುಗಳಲ್ಲಿ ಒಂದನ್ನು ಹಿಂದಿನ ವರ್ಷ ಮುಟ್ಟಿದ ಕಂಪನಿ ಮೂರು ವರ್ಷಗಳ ಸರಾಸರಿ ಲಾಭದ ಶೇ 2 ಖರ್ಚು ಮಾಡಬೇಕು. ಸ್ಥಳೀಯ ಪ್ರದೇಶಕ್ಕೆ ಆದ್ಯತೆ ಎಂದು ಕಾಯ್ದೆಯಲ್ಲಿದೆ, ಆದರೆ ಅದು ಕಡ್ಡಾಯವಲ್ಲ ಎಂದು ಕಂಪನಿ ವ್ಯವಹಾರಗಳ ಸಚಿವಾಲಯವೇ ವಿವರಿಸಿದೆ. ಆದ್ದರಿಂದ ಹಕ್ಕೊತ್ತಾಯದ ಪತ್ರ ಬೇಡ, ಪೂರ್ತಿ ಕಾಗದಪತ್ರ ಬೇಕು.

ಸಂಘಕ್ಕೆ ಮೂರು ವರ್ಷಗಳ ಕೆಲಸದ ದಾಖಲೆ, ಆದಾಯ ತೆರಿಗೆ ವಿನಾಯಿತಿಯ 12ಎಬಿ ಮತ್ತು 80ಜಿ ನೋಂದಣಿ ಇರಲಿ. 2021ರ ಏಪ್ರಿಲ್‌ನಿಂದ ಸಿಎಸ್‌ಆರ್–1 ನಮೂನೆಯ ನೋಂದಣಿ ಸಂಖ್ಯೆ ಇಲ್ಲದೆ ಹಣ ಬರುವುದಿಲ್ಲ. ಅದನ್ನು ಸಿಎ, ಕಂಪನಿ ಸೆಕ್ರೆಟರಿ ಅಥವಾ ಕಾಸ್ಟ್ ಅಕೌಂಟೆಂಟ್ ಡಿಜಿಟಲ್ ಸಹಿ ಹಾಕಿ ದೃಢೀಕರಿಸಬೇಕು. ಮನವಿಯಲ್ಲಿ ವಾರ್ಷಿಕೋತ್ಸವ, ಸನ್ಮಾನ, ಮ್ಯಾರಥಾನ್ ಸೇರಿಸಬೇಡಿ, ಒಂದು ದಿನದ ಕಾರ್ಯಕ್ರಮ ಸಿಎಸ್‌ಆರ್ ಲೆಕ್ಕಕ್ಕೆ ಬರುವುದಿಲ್ಲ. ಆ ಕಂಪನಿಯ ನೌಕರರ ಮಕ್ಕಳಿಗಷ್ಟೇ ಅನುಕೂಲವಾಗುವ ಯೋಜನೆಯೂ ನಡೆಯದು. ವಿಜ್ಞಾನ ಪ್ರಯೋಗಾಲಯ ಬೇಕೆಂದರೆ ಮೇಜು ಎಷ್ಟು, ಸೂಕ್ಷ್ಮದರ್ಶಕ ಎಷ್ಟು, ಎಷ್ಟು ಮಕ್ಕಳಿಗೆ, ಎಷ್ಟು ತಿಂಗಳಲ್ಲಿ ಎಂದು ಮೂರು ಕೊಟೇಶನ್ ಸಮೇತ ಬರೆಯಿರಿ. ಬಜೆಟ್ ನಿಗದಿಯಾಗುವ ಏಪ್ರಿಲ್–ಜೂನ್‌ನಲ್ಲೇ ಮನವಿ ಕಂಪನಿಯ ಕೈಯಲ್ಲಿರಲಿ. ಮಾರ್ಚ್‌ನಲ್ಲಿ ಹೋದರೆ ಕಂಪನಿಯವರಿಗೆ ಹಣ ಮುಗಿಸುವ ಅವಸರ, ನಿಮಗೆ ಬಿಲ್ ಹೊಂದಿಸುವ ಅವಸರ, ಮುಂದಿನ ವರ್ಷದ ಆಡಿಟ್‌ನಲ್ಲಿ ಎರಡೂ ಕಡೆಯವರಿಗೆ ತೊಂದರೆ.